ಎರಡು ದಿನಕ್ಕೆ ಅಂತ ಬಿಟ್ಟು ಹೋದವರು

ಭಾಗ 1

ಫೋಟೋ ನೋಡಿದ್ರಲ್ಲ? ಬೆನ್ನ ಮೇಲೆ ಹೊರಳಿ, ಕಾಲು ಮೇಲೆತ್ತಿ, ಕತ್ತು ತಿರುಚಿಕೊಂಡಿರೋ ನಾಯಿ. ಇದನ್ನ ಯಾವ ಶಿಲ್ಪಿಯೂ ಕೆತ್ತಿಲ್ಲ. ಇಟಲಿಯ ಪಾಂಪೆಯಿ ಊರನ್ನು ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಮುಚ್ಚಿಹಾಕಿದಾಗ ಸತ್ತ ನಾಯಿ ಇದು. ದೇಹ ಕೊಳೆತು ಹೋಯಿತು, ಆದರೆ ಸುತ್ತ ಗಟ್ಟಿಯಾದ ಬೂದಿಯಲ್ಲಿ ಅದರ ಆಕಾರದ ಪೊಳ್ಳು ಹಾಗೇ ಉಳಿಯಿತು. ಅಂಥ ಪೊಳ್ಳುಗಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯೋ ವಿಧಾನವನ್ನು 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಅನ್ನೋ ಪುರಾತತ್ವಜ್ಞ ಶುರು ಮಾಡಿದ. ಈ ನಾಯಿ ಸಿಕ್ಕಿದ್ದು 1874ರಲ್ಲಿ, ವೆಸೋನಿಯಸ್ ಪ್ರೈಮಸ್‌ನದು ಅಂತ ಕರೆಯೋ ಮನೆಯಲ್ಲಿ.

ಅಚ್ಚಿನಲ್ಲಿ ಕೊರಳಪಟ್ಟಿ ಕೂಡ ಮೂಡಿದೆ. ಅದನ್ನ ಸರಪಳಿಯಿಂದ ಕಟ್ಟಿ ಹಾಕಿದ್ರು. ಆಕಾಶದಿಂದ ಹಗುರವಾದ ಜ್ವಾಲಾಮುಖಿ ಕಲ್ಲುಗಳು ಗಂಟೆಗಟ್ಟಲೆ ಸುರಿದವು, ಅಂಗಳ ತುಂಬುತ್ತಾ ಬಂತು. ಕಲ್ಲಿನ ರಾಶಿ ಏರಿದಂಗೆ ನಾಯಿಯೂ ಮೇಲೇರಿತು. ಒಂದು ಎತ್ತರದಲ್ಲಿ ಸರಪಳಿ ಮುಗಿಯಿತು. ಅಗೆದವರು ಆ ಭಂಗಿಯನ್ನು ಓದಿದ್ದು ಹೀಗೆ.

(ಇಂಟರ್ನೆಟ್‌ನಲ್ಲಿ ಇದರ ಜೊತೆ "ನಾಯಿ ಇದೆ ಎಚ್ಚರಿಕೆ" ಅನ್ನೋ ಮೊಸಾಯಿಕ್ ಚಿತ್ರ ಸೇರಿಸಿ ಹಾಕ್ತಾರೆ. ಅದು ಪಾಂಪೆಯಿಯದ್ದೇ, ಆದ್ರೆ ಬೇರೆ ಮನೆಯದ್ದು, ಬೇರೆ ನಾಯಿ. ಫಾರ್ವರ್ಡ್ ಮಾಡೋ ಮುಂಚೆ ನೆನಪಿರಲಿ.)

ನಮ್ಮ ಬ್ಯಾಚಿನಲ್ಲಿ ಅರ್ಧಕ್ಕರ್ಧ ಜನ ಹಾಸ್ಟೆಲ್, ಪಿ.ಜಿ.ಯಲ್ಲಿ ಇದ್ದೀರಿ. ಆಗಸ್ಟ್‌ನಲ್ಲಿ ಊರ ಕಡೆ ಮಳೆ ಜೋರು ಅಂತ ಸುದ್ದಿ ಬಂದ ರಾತ್ರಿ ಮನೆಗೆ ಫೋನ್ ಮಾಡಿ ಏನು ಕೇಳ್ತೀರಿ? ಮೊದಲು "ಎಲ್ರೂ ಹುಷಾರಾ?" ಆಮೇಲೆ "ಕರೆಂಟ್ ಇದ್ಯಾ?" ಮೂರನೆಯದ್ದು, ಸ್ವಲ್ಪ ಸಂಕೋಚದಲ್ಲೇ, "ಟಾಮಿ ಎಲ್ಲಿದ್ದಾನೆ?" ಜನ ಸಾಯೋ ಹೊತ್ತಲ್ಲಿ ನಾಯಿ ಬಗ್ಗೆ ಕೇಳೋಕೆ ಒಂಥರಾ ನಾಚಿಕೆ ಆಗುತ್ತೆ ಅಲ್ವಾ? ಈ ಸಲದ ಸರಣಿ ಆ ಮೂರನೇ ಪ್ರಶ್ನೆಯ ಚರಿತ್ರೆ. ಅದನ್ನ ಸರ್ಕಾರಗಳೂ ಕೇಳಲೇಬೇಕಾಗಿ ಬಂದದ್ದು ಹೇಗೆ ಅನ್ನೋದು.

ಭಾಗ 2

ಈಗ ಪಾಂಪೆಯಿಯಿಂದ 1,926 ವರ್ಷ ಮುಂದಕ್ಕೆ, ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಬನ್ನಿ. ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್, ಆಗಸ್ಟ್ 2005. ಒಂದು ಕಡೆ ಮಿಸಿಸಿಪ್ಪಿ ನದಿ, ಇನ್ನೊಂದು ಕಡೆ ದೊಡ್ಡ ಕೆರೆ. ನಡುವಿನ ಊರು ಬಟ್ಟಲಿನ ಹಾಗೆ, ಅದರ ಎಷ್ಟೋ ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೆ. ನೀರು ಒಳಗೆ ಬರದ ಹಾಗೆ ತಡೆಯೋದು ಒಡ್ಡುಗಳು ಮಾತ್ರ.

ಕತ್ರಿನಾ ಚಂಡಮಾರುತ ಬರ್ತಿದೆ ಅಂತ ಮುನ್ಸೂಚನೆ ಇತ್ತು. ಭಾನುವಾರ, ಆಗಸ್ಟ್ 28ರಂದು ಮೇಯರ್ ರೇ ನೇಗಿನ್ ಊರು ಕಡ್ಡಾಯವಾಗಿ ಖಾಲಿ ಮಾಡಬೇಕು ಅಂತ ಆದೇಶ ಹೊರಡಿಸಿದರು. ಮರುದಿನ ಬೆಳಗ್ಗೆ ಚಂಡಮಾರುತ ಅಪ್ಪಳಿಸಿತು.

ಒಂದು ವಿಷಯ ಗೊತ್ತಿದ್ರೆ ಮಾತ್ರ ಮುಂದಿನದ್ದು ಅರ್ಥ ಆಗೋದು. ಆ ಊರಿನವರಿಗೆ ಊರು ಬಿಡೋದು ಹೊಸದೇನಲ್ಲ. ಹಿಂದಿನ ವರ್ಷ, 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಅನ್ನೋ ಚಂಡಮಾರುತಕ್ಕೆ ಹೆದರಿ ಲಕ್ಷಾಂತರ ಜನ ಹೊರಟಿದ್ದರು. ಗಂಟೆಗಟ್ಟಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರು, ಕೊನೆಗೆ ಐವಾನ್ ಬೇರೆ ಕಡೆ ತಿರುಗಿತು, ಎಲ್ಲರೂ ವಾಪಸ್ ಬಂದರು. ಹಾಗಾಗಿ ಈ ಸಲವೂ "ಎರಡು ದಿನ, ಹೆಚ್ಚಂದ್ರೆ ಮೂರು ದಿನ" ಅಂದುಕೊಂಡರು. ಬಹಳಷ್ಟು ಹೋಟೆಲ್‌ಗಳು ನಾಯಿ ಬೆಕ್ಕು ಸೇರಿಸ್ತಿರಲಿಲ್ಲ. ರೆಡ್ ಕ್ರಾಸ್ ನಡೆಸೋ ಆಶ್ರಯ ಶಿಬಿರಗಳಲ್ಲೂ ಸಾಕುಪ್ರಾಣಿಗೆ ಪ್ರವೇಶ ಇರಲಿಲ್ಲ. ಅಲರ್ಜಿ, ಕಡಿತ, ಸ್ವಚ್ಛತೆ ಅಂತ ಕಾರಣ. ಕಾರಣ ಸುಳ್ಳೇನಲ್ಲ, ಅದನ್ನೂ ಹೇಳ್ಬೇಕು.

ಸರಿ, ಏನು ಮಾಡೋದು? ಮೂರು ದಿನಕ್ಕಾಗುವಷ್ಟು ಆಹಾರ ಸುರಿದರು. ಸ್ನಾನದ ತೊಟ್ಟಿಗೆ ನೀರು ತುಂಬಿದರು. ಕೆಲವರು ಮಹಡಿ ಮೇಲಿನ ರೂಮಿನಲ್ಲಿ ಕೂಡಿ ಹಾಕಿದರು. ತಲೆ ಸವರಿ, ಬಾಗಿಲು ಹಾಕಿ ಹೊರಟರು. ದಯವಿಟ್ಟು ಇವರನ್ನ ಕಲ್ಲು ಮನಸ್ಸಿನವರು ಅನ್ಬೇಡಿ. ಹಬ್ಬಕ್ಕೆ ಊರಿಗೆ ಹೋಗುವಾಗ ನಾವು ಮಾಡೋದೂ ಅದನ್ನೇ.

ಕಾರಿದ್ದವರಿಗೆ ಇಷ್ಟಾದರೂ ಆಯ್ಕೆ ಇತ್ತು. ನಾಯಿಯನ್ನ ಹಿಂದಿನ ಸೀಟಿಗೆ ಹತ್ತಿಸಿ, ನೆಂಟರ ಮನೆಗೋ, ಒಪ್ಪಿಕೊಳ್ಳೋ ಹೋಟೆಲ್‌ಗೋ ಹೋಗಬಹುದಿತ್ತು. ಆದರೆ ಆ ಊರಲ್ಲಿ ಸುಮಾರು ನಾಲ್ಕು ಮನೆಗೊಂದರಲ್ಲಿ ಕಾರೇ ಇರಲಿಲ್ಲ. ಹೆಚ್ಚಾಗಿ ಬಡವರು, ಕಪ್ಪುವರ್ಣೀಯರು, ವಯಸ್ಸಾದವರು. ಅವರು ನಡೆದುಕೊಂಡೋ, ಸಿಟಿ ಬಸ್ ಹತ್ತಿಯೋ ಸೂಪರ್‌ಡೋಮ್ ಅನ್ನೋ ದೊಡ್ಡ ಕ್ರೀಡಾಂಗಣಕ್ಕೆ ಹೋದರು. ಆ ದಿನಗಳ ಬಗ್ಗೆ ಓದುವಾಗೆಲ್ಲ ಗಮನಿಸಿ: "ಪ್ರಾಣೀನ ಬಿಟ್ಟು ಬಂದ್ರಲ್ಲ" ಅನ್ನೋ ಬೈಗುಳ ಹೆಚ್ಚಾಗಿ ಬಿದ್ದಿದ್ದು ಆಯ್ಕೆಯೇ ಇಲ್ಲದವರ ಮೇಲೆ.

ಅಲ್ಲಿನ ಪ್ರಾಣಿದಯಾ ಸಂಘ ಮಾತ್ರ ಚಂಡಮಾರುತ ಬರೋ ಮುಂಚೆಯೇ ತನ್ನ ಆಶ್ರಯದಲ್ಲಿದ್ದ 263 ಪ್ರಾಣಿಗಳನ್ನೂ ಹ್ಯೂಸ್ಟನ್‌ಗೆ ಸಾಗಿಸಿಬಿಟ್ಟಿತ್ತು. ಯಾರಿಗೂ ಬೇಡವಾದ, ಬೀದಿಯಿಂದ ತಂದ ನಾಯಿಗಳೆಲ್ಲ ಬಚಾವ್. ಮನೆ ಇದ್ದ ನಾಯಿಗಳು ಮನೆಯೊಳಗೇ ಉಳಿದವು.

ಭಾಗ 3

ಒಡ್ಡುಗಳು ಒಂದಲ್ಲ, ಐವತ್ತಕ್ಕೂ ಹೆಚ್ಚು ಕಡೆ ಒಡೆದವು. ಊರಿನ ಶೇ. 80ರಷ್ಟು ಭಾಗ ಮುಳುಗಿತು. ಎರಡು ದಿನಕ್ಕೆ ಅಂತ ಹೋದವರು ವಾರಗಟ್ಟಲೆ ವಾಪಸ್ ಬರೋ ಹಾಗಿರಲಿಲ್ಲ. ನೀರನ್ನು ಪೂರ್ತಿ ಪಂಪ್ ಮಾಡಿ ಮುಗಿಸಿದ್ದೇ ಅಕ್ಟೋಬರ್ 11ಕ್ಕೆ.

ಸೂಪರ್‌ಡೋಮ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೆಕೆಯಲ್ಲಿ, ಕತ್ತಲೆಯಲ್ಲಿ, ಕೆಟ್ಟ ಶೌಚಾಲಯಗಳ ನಡುವೆ ದಿನ ಕಳೆದರು. ಕೊನೆಗೆ ಬಸ್ಸುಗಳು ಬಂದವು. ಬಸ್ಸಿಗೆ ಸಾಕುಪ್ರಾಣಿ ಹತ್ತಿಸೋ ಹಾಗಿಲ್ಲ ಅಂದರು. ಆಗ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಯಲ್ಲಿ ಕೆಲವೇ ಸಾಲು ಬಂತು. ಬಸ್ ಹತ್ತುತ್ತಿದ್ದ ಒಬ್ಬ ಪುಟ್ಟ ಹುಡುಗನ ಕೈಯಿಂದ ಪೊಲೀಸೊಬ್ಬ ಅವನ ನಾಯಿಯನ್ನು ತೆಗೆದುಕೊಂಡ. ಹುಡುಗ ಅದರ ಹೆಸರು ಹಿಡಿದು ಕೂಗಿ ಕೂಗಿ, ಅತ್ತು ಅತ್ತು ವಾಂತಿ ಮಾಡಿಕೊಂಡ. ನಾಯಿಯ ಹೆಸರು ಸ್ನೋಬಾಲ್.

ಇಷ್ಟೇ. ಹುಡುಗನ ಹೆಸರಿಲ್ಲ, ವಿಳಾಸ ಇಲ್ಲ, ಫೋಟೋ ಇಲ್ಲ. ಆದರೂ ಅಮೆರಿಕ ತುಂಬ ಜನ ಸ್ನೋಬಾಲ್‌ನ ಹುಡುಕೋಕೆ ಶುರು ಮಾಡಿದರು, ಬಹುಮಾನ ಘೋಷಿಸಿದರು. ಸಿಕ್ಕಿತು ಅಂತ ಮಧ್ಯದಲ್ಲಿ ಒಮ್ಮೆ ಸುದ್ದಿಯೂ ಹಬ್ಬಿತು, ಆದರೆ ಅದನ್ನ ಯಾರೂ ಖಚಿತಪಡಿಸಲಿಲ್ಲ.

ಸಾವಿರಕ್ಕೂ ಹೆಚ್ಚು ಜನ ಸತ್ತ ದುರಂತದಲ್ಲಿ ಒಂದು ನಾಯಿಗೆ ಇಷ್ಟು ಕಣ್ಣೀರಾ ಅಂತ ಅವತ್ತೂ ಸಿಟ್ಟಾದವರಿದ್ದರು. ಅದರಲ್ಲೂ ಕಪ್ಪುವರ್ಣೀಯರು ಚಾವಣಿ ಮೇಲೆ ನಿಂತು ಸಹಾಯಕ್ಕೆ ಕೈ ಬೀಸುತ್ತಿದ್ದ ದೃಶ್ಯ ಟಿ.ವಿ.ಯಲ್ಲಿ ಬರ್ತಿರುವಾಗ. ಆ ಸಿಟ್ಟನ್ನು ನಾನು ತಳ್ಳಿಹಾಕಲ್ಲ. ಆದರೆ ಒಂದು ಮಾತು: ಆ ಹುಡುಗ ಕೂಡ ಅದೇ ಸಾಲಿನಲ್ಲಿ ನಿಂತಿದ್ದವನು. ಮನೆ, ಬೀದಿ, ಸ್ಕೂಲು ಎಲ್ಲ ನೀರಲ್ಲಿ ಬಿಟ್ಟು ಬಂದವನ ಹತ್ತಿರ ಉಳಿದಿದ್ದೇ ಅದೊಂದು.

ಭಾಗ 4 (ಇದು ಉದ್ದ ಇದೆ, ಕೂತು ಓದಿ)

ನಾನು ಈ ಸರಣಿ ಬರೆಯೋಕೆ ಹೊರಟಿದ್ದೇ ಈ ಭಾಗಕ್ಕಾಗಿ. ದೂರ ಕೂತು ಕಾಯೋದು ಅಂದ್ರೆ ಹೇಗಿತ್ತು?

ನಿಮ್ಮನ್ನೇ ಅಲ್ಲಿ ಇಟ್ಟು ನೋಡಿ. ಹ್ಯೂಸ್ಟನ್‌ನ ಇನ್ನೊಂದು ಕ್ರೀಡಾಂಗಣ, ನ್ಯೂ ಆರ್ಲಿಯನ್ಸ್‌ನಿಂದ 550 ಕಿ.ಮೀ. ಆಚೆ. ನಿಮಗೊಂದು ಮಡಚುವ ಮಂಚ ಕೊಟ್ಟಿದ್ದಾರೆ. ಮೊಬೈಲ್ ಇದ್ದರೂ ನಿಮ್ಮ ಊರಿನ ಟವರ್‌ಗಳೆಲ್ಲ ಸತ್ತಿವೆ. ಟಿ.ವಿ.ಯಲ್ಲಿ ಹೆಲಿಕಾಪ್ಟರ್‌ನಿಂದ ತೆಗೆದ ಚಿತ್ರ ಬರ್ತಾ ಇದೆ, ನೀವು ಚಾವಣಿ ಎಣಿಸ್ತಾ ನಿಮ್ಮ ಬೀದಿ ಯಾವುದು ಅಂತ ಹುಡುಕ್ತಿದ್ದೀರಿ. ಲೆಕ್ಕ ಹಾಕ್ತೀರಿ: ಆಹಾರ ಮೂರು ದಿನಕ್ಕೆ ಹಾಕಿದ್ದೆ, ಇವತ್ತು ಆರನೇ ದಿನ. ನೀರು ಎಲ್ಲಿವರೆಗೆ ಬಂದಿರಬಹುದು? ಬೆಕ್ಕು ಬೀರು ಮೇಲೆ ಹತ್ತುತ್ತೆ. ನಾಯಿ ಹತ್ತುತ್ತಾ?

ಹೆಲ್ಪ್‌ಲೈನ್ ಶುರುವಾಯಿತು. ಜನ ಫೋನ್ ಮಾಡಿ ಮನೆ ವಿಳಾಸ ಹೇಳೋರು. ಯಾವ ರೂಮು, ಎಷ್ಟು ಪ್ರಾಣಿ, ಹೆಸರೇನು, ಬಾಗಿಲು ಒಡೆಯಬಹುದಾ, ಎಲ್ಲ ಹೇಳೋರು. ಬಾಗಿಲು ಒಡೀರಿ ಅಂತ ತಮ್ಮ ಮನೆ ಬಗ್ಗೆ ತಾವೇ ಅಂಗಲಾಚೋದು, ಯೋಚಿಸಿ. ದೇಶದ ಮೂಲೆ ಮೂಲೆಯಿಂದ ಬಂದ ಸ್ವಯಂಸೇವಕರು ಆ ವಿಳಾಸಗಳ ಪಟ್ಟಿ ಹಿಡಿದು ದೋಣಿಯಲ್ಲಿ ಹೋಗೋರು. ಹೋದ ಮನೆಯ ಗೋಡೆ ಮೇಲೆ ಸ್ಪ್ರೇ ಪೇಂಟ್‌ನಿಂದ ಬರೆಯೋರು: ಇಂಥ ದಿನ ಬಂದಿದ್ವಿ, ಒಂದು ನಾಯಿ, ಆಹಾರ ನೀರು ಇಟ್ಟಿದ್ದೀವಿ. ಇನ್ನೊಂದು ಮನೆ ಮೇಲೆ: ಎರಡು ಬೆಕ್ಕು, ಮನೆ ಅಡಿಯಲ್ಲಿ. ಶವ ಹುಡುಕೋ ತಂಡಗಳು ಬರೆದ ದೊಡ್ಡ ಗುಣಿಸು ಗುರುತಿನ ಪಕ್ಕದಲ್ಲೇ ಈ ಬರಹಗಳು. ಅವುಗಳ ಫೋಟೋಗಳು ಇವತ್ತಿಗೂ ಸಿಗುತ್ತವೆ. ಕತ್ರಿನಾ ಬಗ್ಗೆ ಎಷ್ಟು ಪುಸ್ತಕ ಬಂದರೂ ನನಗೆ ಆ ಗೋಡೆಗಳೇ ಅತಿ ನಿಷ್ಠುರವಾದ ದಾಖಲೆ ಅನಿಸುತ್ತವೆ.

ಹಿಡಿದು ತಂದ ಪ್ರಾಣಿಗಳನ್ನು ಸುಮಾರು 90 ಕಿ.ಮೀ. ದೂರದ ಗೊನ್ಜಾಲೆಸ್ ಎಂಬ ಊರಿನ ಲಾಮಾರ್ ಡಿಕ್ಸನ್ ಮೈದಾನಕ್ಕೆ ಒಯ್ದರು. ಕುದುರೆ, ಜಾನುವಾರು ಪ್ರದರ್ಶನಕ್ಕೆ ಅಂತ ಕಟ್ಟಿದ ಜಾಗ. ಅಲ್ಲಿಗೆ ಸಾವಿರಾರು ನಾಯಿ ಬೆಕ್ಕು ಬಂದವು. ಜಾಗ ಸಾಲದೆ ವಿಮಾನದಲ್ಲಿ, ಲಾರಿಯಲ್ಲಿ ಬೇರೆ ಬೇರೆ ರಾಜ್ಯಗಳ ಆಶ್ರಯ ಕೇಂದ್ರಗಳಿಗೆ ಕಳಿಸಿದರು. ಜೀವ ಉಳಿಯಿತು, ಆದರೆ ಜಾಡು ತಪ್ಪಿತು. ನಾಯಿ ಕ್ಯಾಲಿಫೋರ್ನಿಯಾದಲ್ಲಿ, ಯಜಮಾನಿ ಅಟ್ಲಾಂಟಾದಲ್ಲಿ, ಮನೆ ನೀರಲ್ಲಿ.

ಈಗ ಒಂದು ಪ್ರಶ್ನೆ. ನಿಮ್ಮ ನಾಯಿ ನಿಮ್ಮದೇ ಅಂತ ಹೇಗೆ ಸಾಬೀತು ಮಾಡ್ತೀರಿ? "ಫೋನ್‌ನಲ್ಲಿ ಐನೂರು ಫೋಟೋ ಇವೆ" ಅಂತೀರಿ. ಇದು 2005. ಮೊದಲ ಐಫೋನ್ ಬಂದದ್ದೇ 2007ಕ್ಕೆ. ಫೋಟೋ ಇದ್ದಿದ್ದು ಆಲ್ಬಂನಲ್ಲಿ, ಆಲ್ಬಂ ಇದ್ದಿದ್ದು ಮುಳುಗಿದ ಮನೆಯಲ್ಲಿ. ಲಸಿಕೆಯ ಚೀಟಿಯೂ ಅಲ್ಲೇ. ಚರ್ಮದಡಿ ಮೈಕ್ರೋಚಿಪ್ ಹಾಕಿಸಿದವರು ತೀರಾ ಕಮ್ಮಿ. ಪೆಟ್‌ಫೈಂಡರ್ ಅನ್ನೋ ವೆಬ್‌ಸೈಟ್‌ನಲ್ಲಿ ಸಿಕ್ಕ ಪ್ರಾಣಿಗಳ ಚಿತ್ರ ಸಾವಿರಗಟ್ಟಲೆ ಹಾಕಿದರು. ಶಿಬಿರದಲ್ಲಿದ್ದವರು ಕಂಪ್ಯೂಟರ್ ಸಿಗೋ ಜಾಗದಲ್ಲಿ ಸಾಲು ನಿಂತು, ಪುಟದ ಮೇಲೆ ಪುಟ ತಿರುಗಿಸಬೇಕು. ಕಂದು ಬಣ್ಣ, ಮಧ್ಯಮ ಗಾತ್ರ, ಗಂಡು. ಕಂದು ಬಣ್ಣ, ಮಧ್ಯಮ ಗಾತ್ರ, ಗಂಡು. ಎಲ್ಲವೂ ನಮ್ಮದೇ ಥರ ಕಾಣುತ್ತೆ, ಒಂದೂ ನಮ್ಮದಲ್ಲ.

ಕೆಲವು ವಾರ ಕಾದ ಮೇಲೆ ಕೇಂದ್ರಗಳು ಪ್ರಾಣಿಗಳನ್ನು ಬೇರೆಯವರಿಗೆ ದತ್ತು ಕೊಡೋಕೆ ಶುರು ಮಾಡಿದವು. ಅವರ ಕಡೆಯಿಂದ ನೋಡಿದ್ರೆ ತಪ್ಪೇನು? ಬೋನಿನಲ್ಲಿ ಎಷ್ಟು ದಿನ ಇಡೋದು? ಆದರೆ ಮೂಲ ಮನೆಯವರಿಗೆ ತಮ್ಮ ನಾಯಿ ಯಾವ ರಾಜ್ಯದಲ್ಲಿದೆ ಅಂತ ಗೊತ್ತಾಗೋ ಹೊತ್ತಿಗೆ ಅದಕ್ಕೆ ಹೊಸ ಹೆಸರು, ಹೊಸ ಮನೆ ಬಂದಿತ್ತು. "ಬಿಟ್ಟು ಹೋದವರಿಗೆ ವಾಪಸ್ ಯಾಕೆ ಕೊಡಬೇಕು?" ಅಂದವರಿದ್ದರು. ಕೇಸುಗಳು ಕೋರ್ಟಿಗೆ ಹೋದವು, ಕೆಲವು ವರ್ಷ ದಾಟಿದವು. 2009ರ 'ಮೈನ್' ಅನ್ನೋ ಸಾಕ್ಷ್ಯಚಿತ್ರ ಇದರ ಬಗ್ಗೆಯೇ. ಸಿಕ್ಕರೆ ನೋಡಿ, ಟಿಶ್ಯೂ ಪೇಪರ್ ಪಕ್ಕದಲ್ಲಿಟ್ಕೊಂಡು.

ಹಿಂದೆ ಉಳಿದ ಸಾಕುಪ್ರಾಣಿಗಳು ಒಂದು ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ರಕ್ಷಿಸಿದ್ದು ಸುಮಾರು 15,000. ಅದರಲ್ಲಿ ತಮ್ಮ ಮನೆಯವರನ್ನ ಮತ್ತೆ ಸೇರಿದ್ದು ನೂರಕ್ಕೆ 15ರಿಂದ 20.

ಭಾಗ 5

ಕಾನೂನು ಬದಲಾಗಿದ್ದು ಯಾವ ವಾದದಿಂದ ಅಂತ ನೋಡಿ, ಇದು ಪರೀಕ್ಷೆಗೂ ಬರಬೇಕಾದ ವಿಷಯ (ಬರಲ್ಲ, ಗೊತ್ತು).

ಫ್ರಿಟ್ಜ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ 2006ರಲ್ಲಿ ಸಂತ್ರಸ್ತರ ಸಮೀಕ್ಷೆ ಪ್ರಕಟಿಸಿತು. ಊರು ಬಿಡದೆ ಉಳಿದವರಲ್ಲಿ ಶೇ. 44ರಷ್ಟು ಜನ ಹೇಳಿದ ಕಾರಣಗಳಲ್ಲಿ ಒಂದು, ಸಾಕುಪ್ರಾಣಿಯನ್ನು ಬಿಟ್ಟು ಬರೋಕೆ ಮನಸ್ಸಾಗಲಿಲ್ಲ ಅನ್ನೋದು. ಅಲ್ಲಿಗೆ ಲೆಕ್ಕವೇ ಬದಲಾಯಿತು. ಅಲ್ಲಿವರೆಗೆ ಅಧಿಕಾರಿಗಳ ತರ್ಕ ಏನಿತ್ತು? ಪ್ರಾಣಿಗೆ ಜಾಗ ಕೊಟ್ಟರೆ ಮನುಷ್ಯರಿಗೆ ಜಾಗ ಕಮ್ಮಿ. ಈಗ ಗೊತ್ತಾಯಿತು: ಪ್ರಾಣಿಗೆ ಜಾಗ ಇಲ್ಲ ಅಂದರೆ ಮನುಷ್ಯರೂ ಬರಲ್ಲ. ದೋಣಿ ಬಂದು ನಿಂತರೂ ನಾಯಿ ಜೊತೆ ಚಾವಣಿ ಮೇಲೇ ಕೂರ್ತಾರೆ.

ಕಾಂಗ್ರೆಸ್ ಸದಸ್ಯರಾದ ಟಾಮ್ ಲ್ಯಾಂಟೋಸ್ ಮತ್ತು ಕ್ರಿಸ್ಟೋಫರ್ ಶೇಸ್ ಮಸೂದೆ ತಂದರು. ಒಬ್ಬರು ಡೆಮಾಕ್ರಾಟ್, ಇನ್ನೊಬ್ಬರು ರಿಪಬ್ಲಿಕನ್. ಲ್ಯಾಂಟೋಸ್ ಹಂಗೇರಿಯಲ್ಲಿ ಹುಟ್ಟಿ, ನಾಜಿಗಳ ಯಹೂದಿ ಹತ್ಯಾಕಾಂಡದಿಂದ ಬದುಕುಳಿದು ಬಂದವರು. ಕೆಳಮನೆಯಲ್ಲಿ 349 ಮತ ಪರ, 24 ವಿರೋಧ. 2006ರ ಅಕ್ಟೋಬರ್ 6ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದರು. ಹೆಸರು 'ಪೆಟ್ಸ್ ಆಕ್ಟ್'. ಸಾರಾಂಶ: ವಿಕೋಪ ನಿರ್ವಹಣೆಗೆ ಕೇಂದ್ರದ ಹಣ ಬೇಕಾದರೆ ರಾಜ್ಯಗಳೂ ನಗರಗಳೂ ಸಾಕುಪ್ರಾಣಿ ಇರುವ ಮನೆಗಳಿಗೆ, ಅಂಗವಿಕಲರ ನೆರವಿಗಿರುವ ಪ್ರಾಣಿಗಳಿಗೆ ತಮ್ಮ ಯೋಜನೆಯಲ್ಲಿ ಜಾಗ ಇಟ್ಟಿರಬೇಕು.

ಸಾಕುಪ್ರಾಣಿ ಅಂದ್ರೆ ಯಾವುದು ಅಂತಲೂ ಅಧಿಕಾರಿಗಳು ಪಟ್ಟಿ ಮಾಡಿದರು. ನಾಯಿ, ಬೆಕ್ಕು, ಹಕ್ಕಿ, ಮೊಲ, ಇಲಿ ಜಾತಿಯವು, ಆಮೆ ಒಳಗೆ. ಹಾವು, ಕಪ್ಪೆ, ಮೀನು ಹೊರಗೆ. ಆಮೆಗೆ ಯಾರು ಶಿಫಾರಸು ಮಾಡಿದ್ರೋ, ಪುಣ್ಯಾತ್ಮರು.

ಎರಡೇ ವರ್ಷಕ್ಕೆ, 2008ರಲ್ಲಿ, ಗುಸ್ತಾವ್ ಚಂಡಮಾರುತ ಅದೇ ಕಡೆ ಬಂತು. ಈ ಸಲ ನ್ಯೂ ಆರ್ಲಿಯನ್ಸ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೊರಟವರು ಪ್ರಾಣಿಗಳನ್ನೂ ತಂದರು. ಪ್ರಾಣಿಗೊಂದು ಸಂಖ್ಯೆ, ಅದೇ ಸಂಖ್ಯೆ ಯಜಮಾನರ ಕೈಗೂ. ಇಷ್ಟು ಸರಳ ಕೆಲಸಕ್ಕೆ ಒಂದು ಊರು ಮುಳುಗಬೇಕಾಯಿತು.

ಭಾಗ 6

ಜಪಾನ್ ಬಗ್ಗೆ ಚಿಕ್ಕದಾಗಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿ, ಅದರ ಹಿಂದೆಯೇ ಫುಕುಶಿಮಾ ಅಣುಸ್ಥಾವರದ ಅವಘಡ. ಮರುದಿನವೇ ಸ್ಥಾವರದ ಸುತ್ತ 20 ಕಿ.ಮೀ. ತ್ರಿಜ್ಯದ ಪ್ರದೇಶ ಖಾಲಿ ಮಾಡಿ ಅಂದರು. ಇಲ್ಲಿಯೂ ಜನ ಕೆಲವೇ ದಿನ ಅಂದುಕೊಂಡರು, ಆಹಾರ ಸುರಿದು ಹೊರಟರು. ಏಪ್ರಿಲ್ 22ರಿಂದ ಅಲ್ಲಿಗೆ ಕಾಲಿಡೋದೇ ಕಾನೂನುಬಾಹಿರ ಆಯಿತು.

ಜಪಾನಿನಲ್ಲಿ ರೇಬೀಸ್ ತಡೆ ಕಾನೂನಿನಂತೆ ನಾಯಿಗಳ ನೋಂದಣಿ ಕಡ್ಡಾಯ. ಹಾಗಾಗಿ ಆ ವಲಯದಲ್ಲಿ ಸುಮಾರು 5,800 ನಾಯಿ ಇದ್ದವು ಅಂತ ಲೆಕ್ಕ ಇದೆ. ಬೆಕ್ಕುಗಳಿಗೆ ನೋಂದಣಿ ಇಲ್ಲ, ಅವು ಲೆಕ್ಕಕ್ಕೇ ಬರಲಿಲ್ಲ. ಮೇ ತಿಂಗಳಲ್ಲಿ ಮನೆಯವರಿಗೆ ಎರಡು ಗಂಟೆ ಹೋಗಿ ಬರೋಕೆ ಬಿಟ್ಟರು, ಬಿಳಿ ರಕ್ಷಣಾ ಉಡುಪು ಹಾಕಿಸಿ. ಕೈಗೆ 70 ಸೆಂ.ಮೀ. ಅಗಲದ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಹಿಡಿಯುವಷ್ಟು ಮಾತ್ರ ತರಬಹುದು. ನಾಯಿಗೆ ಆ ಚೀಲದಲ್ಲಿ ಜಾಗ ಇರಲಿಲ್ಲ.

ತೊಮಿಯೊಕಾ ಎಂಬ ಊರಿನ ನಾವೊಟೊ ಮತ್ಸುಮುರಾ ಅನ್ನೋ ರೈತ ಮಾತ್ರ ವಿಕಿರಣಕ್ಕೂ ಜಗ್ಗದೆ ಅಲ್ಲೇ ಉಳಿದು ನಾಯಿ, ಬೆಕ್ಕು, ದನ, ಉಷ್ಟ್ರಪಕ್ಷಿಗಳಿಗೆ ಮೇವು ಹಾಕಿದರು. 2013ರಲ್ಲಿ ಜಪಾನಿನ ಪರಿಸರ ಸಚಿವಾಲಯ ಮಾರ್ಗಸೂಚಿ ತಂದಿತು: ಊರು ಬಿಡುವಾಗ ಸಾಕುಪ್ರಾಣಿಯನ್ನು ಜೊತೆಗೇ ಕರೆದುಕೊಂಡು ಬನ್ನಿ. "ಬಿಟ್ಟು ಬನ್ನಿ" ಇದ್ದದ್ದು "ಜೊತೆಗೆ ಬನ್ನಿ" ಆಯಿತು.

ಭಾಗ 7

ನಮ್ಮಲ್ಲಿ? ಕತ್ರಿನಾ ಬಂದ ಅದೇ 2005ರ ಡಿಸೆಂಬರ್‌ನಲ್ಲಿ ನಮ್ಮ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ 12ನೇ ಸೆಕ್ಷನ್ ತೆಗೆದು ಓದಿ. ಪರಿಹಾರ ಶಿಬಿರದಲ್ಲಿ ಆಶ್ರಯ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ಎಲ್ಲ ಇದೆ, ಬಾಧಿತ "ವ್ಯಕ್ತಿಗಳಿಗೆ".

ಆದ್ರೆ ನಾವು ಪ್ರಾಣಿಗಳನ್ನ ಮರೆತವರು ಅಂತ ಹೇಳಿದ್ರೆ ತಪ್ಪಾಗುತ್ತೆ. ನೀರು ಏರ್ತಿದೆ ಅಂದ್ರೆ ಮೊದಲು ಕೊಟ್ಟಿಗೆಗೆ ಓಡಿ ದನದ ಕಣ್ಣಿ ಬಿಚ್ಚೋದು ಹೊಳೆ ದಂಡೆಯ ಊರುಗಳಲ್ಲಿ ಯಾರೂ ಹೇಳಿಕೊಡದೆ ಬರೋ ಬುದ್ಧಿ. ಸರ್ಕಾರದ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲೂ ಜಾನುವಾರು ಇವೆ. 2022ರಿಂದ 2026ರವರೆಗಿನ ಪಟ್ಟಿಯಲ್ಲಿ ಹಾಲು ಕೊಡೋ ಹಸು ಅಥವಾ ಎಮ್ಮೆ ಸತ್ತರೆ 37,500 ರೂಪಾಯಿ, ಕುರಿ, ಮೇಕೆಗೆ 4,000, ಕೋಳಿಗೆ 100. ದುಡಿಯೋ, ಹಾಲು ಕೊಡೋ, ಮಾರಬಹುದಾದ ಪ್ರಾಣಿಗೆ ಬೆಲೆ ಇದೆ. ಬಾಗಿಲಲ್ಲಿ ಮಲಗಿ ಕಾಯೋ ನಾಯಿ, ಒಲೆ ಪಕ್ಕದ ಬೆಕ್ಕು ಆ ಪಟ್ಟಿಯಲ್ಲಿಲ್ಲ. ನಾಯಿಗೆ ದುಡ್ಡು ಕೊಡಿ ಅಂತ ನಾನು ಕೇಳ್ತಿಲ್ಲ. ಶಿಬಿರದ ಗೇಟಿನಲ್ಲಿ ಅದನ್ನ ಏನು ಮಾಡಬೇಕು ಅನ್ನೋದನ್ನ ಯಾರಾದರೂ ಮೊದಲೇ ಬರೆದಿಟ್ಟಿರಬೇಕು, ಅಷ್ಟೇ. ಬರೆದಿಲ್ಲದಿದ್ದರೆ ಆ ರಾತ್ರಿ ಗೇಟಿನಲ್ಲಿ ನಿಂತಿರೋ ಹೋಂಗಾರ್ಡ್‌ನ ತಲೆ ಮೇಲೆ ಬೀಳುತ್ತೆ.

2018ರ ಆಗಸ್ಟ್ ನೆನಪಿದೆಯಾ? ಮಡಿಕೇರಿ ಕಡೆ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದ್ದು. ಅದೇ ಮಳೆಗೆ ಕೇರಳ ಮುಳುಗಿತ್ತು. ತ್ರಿಶೂರಿನಲ್ಲಿ ಒಬ್ಬ ಮಹಿಳೆಯನ್ನು ಕರೆದೊಯ್ಯೋಕೆ ರಕ್ಷಣಾ ತಂಡ ಬಂತು. ಅವರ ಮನೆಯಲ್ಲಿ 25 ನಾಯಿ. ನಾಯಿಗಳನ್ನ ಕರ್ಕೊಂಡು ಹೋಗಲ್ಲ ಅಂದಾಗ ಅವರು "ಹಾಗಾದ್ರೆ ನಾನೂ ಬರಲ್ಲ" ಅಂದುಬಿಟ್ಟರು. ಮನೆಯೊಳಗೆ ನೀರು, ಮಂಚದ ಮೇಲೆ ಒತ್ತೊತ್ತಾಗಿ ನಾಯಿಗಳು. ಕೊನೆಗೆ ಪ್ರಾಣಿ ರಕ್ಷಣೆಯ ಸ್ವಯಂಸೇವಕರು ಬಂದು ಎಲ್ಲರನ್ನೂ ಕರೆದೊಯ್ದರು. ಫ್ರಿಟ್ಜ್ ಸಮೀಕ್ಷೆಯ ಆ ಶೇ. 44 ಅನ್ನೋ ಅಂಕಿ ತ್ರಿಶೂರಿನಲ್ಲಿ ಮಂಚ ಹತ್ತಿ ಕೂತಿತ್ತು ನೋಡಿ.

ಹಾಸ್ಟೆಲ್‌ನಲ್ಲಿರೋರಿಗೆ ಒಂದು ಕೆಲಸ. ಈ ವಾರಾಂತ್ಯ ಊರಿಗೆ ಹೋದಾಗ ನೀವೂ ನಿಮ್ಮ ಪ್ರಾಣಿಯೂ ಒಟ್ಟಿಗೆ ಇರೋ ಒಂದು ಫೋಟೋ ತೆಗೆಸ್ಕೊಳ್ಳಿ. ಬರೀ ಅದರ ಮುದ್ದು ಮುಖ ಸಾಲದು, ಇಬ್ಬರೂ ಇರಬೇಕು. ಅದರ ಮೈಮೇಲಿನ ಮಚ್ಚೆ, ಕಿವಿಯ ಗಾಯದ ಗುರುತು ಕಾಣೋ ಹಾಗೆ ಇನ್ನೊಂದು. ಲಸಿಕೆ ಕಾರ್ಡಿಗೂ ಒಂದು ಕ್ಲಿಕ್. ಕೊರಳಪಟ್ಟಿ ಒಳಭಾಗದಲ್ಲಿ ಅಳಿಸದ ಇಂಕಿನಲ್ಲಿ ಫೋನ್ ನಂಬರ್ ಬರೀರಿ, ಮನೆಯದ್ದೊಂದು, ನಿಮ್ಮದೊಂದು. ಮಳೆಗಾಲದಲ್ಲಿ ರಾತ್ರಿ ಕಟ್ಟಿ ಹಾಕೋ ಅಭ್ಯಾಸ ಇದ್ರೆ, ಹೊರಡೋ ಗಡಿಬಿಡಿಯಲ್ಲಿ ಕೊಕ್ಕೆ ಬಿಚ್ಚೋ ಜವಾಬ್ದಾರಿ ಯಾರದ್ದು ಅಂತ ಅಜ್ಜಿ ಹತ್ರನೋ ತಮ್ಮನ ಹತ್ರನೋ ಇವತ್ತೇ ಮಾತಾಡಿಕೊಳ್ಳಿ.

ನಿಮ್ಮ ಊರಲ್ಲಿ 2018, 2019ರ ನೆರೆ ಹೊತ್ತಲ್ಲಿ ನಾಯಿ ಬೆಕ್ಕುಗಳನ್ನ ಏನು ಮಾಡಿದ್ರು ಅಂತ ಮನೆಯ ಹಿರಿಯರನ್ನ ಕೇಳಿ ಕಾಮೆಂಟ್‌ನಲ್ಲಿ ಬರೀರಿ. ಊರು, ವರ್ಷ ಹಾಕೋದು ಮರೀಬೇಡಿ. ಇದನ್ನ ಇನ್ಯಾರೂ ಬರೆದಿಟ್ಟುಕೊಳ್ಳೋದಿಲ್ಲ.